ರವಿವಾರದ ಎರಡೂವರೆ ತಾಸು

ಖಾಲಾ ನಡೆಯುವಾಗ ಎರಡೂ ಕೈಗಳನ್ನು ಮೈಯಿಂದ ಒಂದು ಗೇಣು ದೂರ ಹಿಡಿದಿರುತ್ತಿದ್ದರು, ಈಗಷ್ಟೇ ಮದರಂಗಿ ಹಚ್ಚಿಸಿಕೊಂಡ ಮದುಮಗಳ ಹಾಗೆ. ಬೆರಳ ತುದಿ ಕೆಂಪು, ಉಗುರ ಸಂದಿ ಕೆಂಪು, ಅಂಗೈಯ ಗೆರೆಗಳೂ ಕೆಂಪು. ಅದು ಮದರಂಗಿಯಲ್ಲ, ಮೆಣಸಿನಕಾಯಿ. ಬ್ಯಾಡಗಿಯ ಮಾರ್ಕೆಟ್ ಯಾರ್ಡಿನ ಹಿಂದಿರುವ ನಮ್ಮ ಓಣಿಯಲ್ಲಿ ಹೆಂಗಸರು ಚೀಲಗಟ್ಟಲೆ ಮೆಣಸಿನಕಾಯಿ ಮನೆಗೆ ತಂದು ತೊಟ್ಟು ಬಿಡಿಸಿ ಕೊಡುತ್ತಾರೆ. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಅವರು ಅದನ್ನು ಮೂವತ್ತು ವರ್ಷ ಮಾಡಿದ್ದರು. ಮೂಗು ತುರಿಸಿದರೆ ಭುಜಕ್ಕೆ ಉಜ್ಜಿಕೊಳ್ಳುವುದು, ಸೆರಗು ಜಾರಿದರೆ ಮೊಣಕೈಯಿಂದ ಮೇಲೆತ್ತುವುದು, ಬಾಗಿಲನ್ನು ಸೊಂಟದಿಂದ ನೂಕುವುದು, ಎಲ್ಲ ಕೈ ಬಿಟ್ಟು ಬೇರೆ ಅಂಗಗಳ ಕೆಲಸ. ಊಟಕ್ಕೆ ಮೊದಲು ಶೇಂಗಾ ಎಣ್ಣೆ ಸವರಿ, ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಉರಿ ಹೋಗುತ್ತಿತ್ತು, ಬಣ್ಣ ಹೋಗುತ್ತಿರಲಿಲ್ಲ.

ನಾನು ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗ ನನ್ನ ಮಗಳಿಗೆ ಆರು ವರ್ಷ. ಹೆಂಡತಿ ನಮ್ಮಿಬ್ಬರನ್ನೂ ಬಿಟ್ಟು ಬೇರೆ ಬದುಕು ಕಟ್ಟಿಕೊಂಡಿದ್ದಳು. ನಾವಿದ್ದ ರಾಣೆಬೆನ್ನೂರಿನಲ್ಲಿ ಕಿರಾಣಿ ಅಂಗಡಿಗೆ ಉಪ್ಪು ತರಲು ಹೋದರೂ ಮೊದಲು ಅವಳ ಸುದ್ದಿ ಕೇಳಿ ಆಮೇಲೆ ಉಪ್ಪು ಕೊಡುತ್ತಿದ್ದರು. ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿದ್ದೇ ನೆಪವಾಗಿ ಊರು ಬಿಟ್ಟೆ. ಆರು ದಿನ ಮೆಣಸಿನಕಾಯಿ ಚೀಲಗಳ ನಡುವೆ ಥಂಡಿಯಲ್ಲಿ ತಿರುಗುವುದು. ಶಾಲೆ ಬಿಟ್ಟ ಮಗಳು ನಮ್ಮ ಆಫೀಸಿನ ಮೂಲೆಯಲ್ಲಿ ಕೂತು ಚಿತ್ರ ಬರೆಯುವುದು. ಸಂಜೆ ಇಬ್ಬರೂ ಮನೆಗೆ ಬಂದು ಅನ್ನ ಸಾರು ಉಂಡು ಮಲಗುವುದು. ಏಳನೆಯ ದಿನ ಇನ್ನೂ ಕಷ್ಟ. ಆವತ್ತು ಮಾಡಲು ಏನೂ ಇರುತ್ತಿರಲಿಲ್ಲ.

ಗೋಡೆಯ ಗೂಟಕ್ಕೆ ನನ್ನ ಸೈಕಲ್ಲು ನೇತಾಡುತ್ತಿತ್ತು. ಗುಡ್ಡ ಹತ್ತುವ ಗೇರ್ ಸೈಕಲ್ಲು, ದಪ್ಪ ಟೈರಿನದು. ಮದುವೆಗೂ ಮೊದಲಿನ ಹುಚ್ಚು ಅದು. ಒಂದು ವರ್ಷದಿಂದ ಅದನ್ನು ತುಳಿದಿರಲಿಲ್ಲ, ಚಿಕ್ಕ ಮಗುವನ್ನು ಒಬ್ಬಳನ್ನೇ ಬಿಟ್ಟು ಗುಡ್ಡಕ್ಕೆ ಹೋಗುವುದು ಹೇಗೆ? ಒಂದು ದಿನ ಖಾಲಾ ಬಾಗಿಲಲ್ಲಿ ನಿಂತು, ಗಲ್ಲ ಎತ್ತಿ ಗೋಡೆ ತೋರಿಸಿದರು.

"ಅದಕ್ಕೇನ್ ಆಗೇತಿ ತಮ್ಮಾ, ಜಡ್ಡೇನು?"

"ಏನೂ ಇಲ್ಲರಿ ಖಾಲಾ. ಹೊಡಿಯಾಕ ಹೊತ್ತಿಲ್ಲ."

"ಹೊತ್ತಿಲ್ಲೋ, ಕೂಸಿನ್ನ ನೋಡವ್ರಿಲ್ಲೋ?"

ಅವರು ತಾವೇ ತೀರ್ಮಾನಿಸಿಬಿಟ್ಟರು. "ರವಿವಾರ ಮುಂಜಾನೆ ಆರೂವರಿಗೆ ಬಿಟ್ಟ ಹೋಗು. ಒಂಬತ್ತಕ್ಕ ಬಾ. ಇದ್ದೂ ಇದ್ದೂ ಗ್ವಾಡಿಗಿ ತೂಗಿ ಹಾಕ್ಯಾನ. ಹಂಗ ಬಿಟ್ರ ನಾಳೆ ನೀನೂ ಒಂದ್ ಗೂಟಾ ಹುಡಿಕ್ಯೊಂಡ ತೂಗ್ಯಾಡ್ತಿ!"

ಹೆಂಡತಿ ಎಲ್ಲಿ, ಯಾಕೆ ಹೋದಳು ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಇಡೀ ಓಣಿಯಲ್ಲಿ ಅದನ್ನು ಕೇಳದವರು ಅವರೊಬ್ಬರೇ.

ಹೀಗೆ ನನಗೆ ವಾರಕ್ಕೆ ಎರಡೂವರೆ ತಾಸು ಸಿಕ್ಕಿತು. ಊರು ದಾಟಿ, ಗೋವಿನಜೋಳದ ಹೊಲಗಳ ನಡುವಿನ ಬಂಡಿದಾರಿ ಹಿಡಿದು, ಕುರಿಗಳು ಮಾಡಿದ ಕಾಲುಹಾದಿಯಲ್ಲಿ ಗುಡ್ಡ ಹತ್ತುವುದು. ಸಣ್ಣ ಗೇರಿಗೆ ಹಾಕಿ ಮೆಲ್ಲಗೆ ತುಳಿದರೂ ಎದೆ ಬಾಯಿಗೆ ಬರುತ್ತಿತ್ತು. ನೆತ್ತಿಯಲ್ಲಿ ಒಂದು ಬಂಡೆ, ಅದರ ಮೇಲೆ ಹತ್ತು ನಿಮಿಷ. ಕೆಳಗೆ ಹೆದ್ದಾರಿಯಲ್ಲಿ ಲಾರಿಗಳು ಹಾವೇರಿಯ ಕಡೆಗೆ ಹೋಗುವುದು ಕಾಣುತ್ತಿತ್ತು, ಸದ್ದು ಕೇಳುತ್ತಿರಲಿಲ್ಲ. ಎಷ್ಟೋ ಸಲ ಅಲ್ಲಿ ಕೂತು ಸುಮ್ಮನೆ ಅತ್ತಿದ್ದೇನೆ. ಮನೆಯಲ್ಲಿ ಅಳುವಂತಿರಲಿಲ್ಲ, ಮಗಳು ನೋಡುತ್ತಿದ್ದಳು. ಆಮೇಲೆ ಇಳಿಜಾರು. ಕಲ್ಲು ತಪ್ಪಿಸುವುದು, ಬ್ರೇಕು ಹಿಡಿದು ಬಿಡುವುದು, ಇಷ್ಟೇ ತಲೆಯಲ್ಲಿ. ಆ ಹದಿನೈದು ನಿಮಿಷ ನಾನು ಯಾರೋ ಬಿಟ್ಟುಹೋದವನಾಗಿರಲಿಲ್ಲ.

ಒಂಬತ್ತಕ್ಕೆ ಬಂದಾಗ ಖಾಲಾ ಕಟ್ಟೆಯ ಮೇಲೆ ಮಗಳಿಗೆ ಜಡೆ ಹಾಕುತ್ತಲೋ, ಅವಳ ಮಗ್ಗಿ ಕೇಳುತ್ತಲೋ ಕೂತಿರುತ್ತಿದ್ದರು. ಅವರಿಗೆ ಮಗ್ಗಿ ಬರುತ್ತಿರಲಿಲ್ಲ. ಮಗಳು ತಪ್ಪು ಹೇಳಿದರೂ "ಶಾಬಾಸ್ ಬೇಟಾ" ಎನ್ನುತ್ತಿದ್ದರು. ಆ ಶಾಬಾಸಿನ ದೆಸೆಯಿಂದ ನನ್ನ ಮಗಳಿಗೆ ಇವತ್ತಿಗೂ ಏಳರ ಮಗ್ಗಿ ನೆಟ್ಟಗಿಲ್ಲ. ನನ್ನ ಕೆಸರು ಮೆತ್ತಿದ ಕಾಲು ನೋಡಿ, "ಮಂದಿ ದುಡದು ಹೊಲಸಾಗ್ತಾರ, ಇಂವ ರಜಾ ಹಾಕಿ ಹೊಲಸಾಗಿ ಬರ್ತಾನ" ಎಂದು ಛೇಡಿಸುತ್ತಿದ್ದರು. ಆ ಕಟ್ಟೆಯ ಮೇಲೆ ರವಿವಾರ ಮುಂಜಾನೆ ಮೆಣಸಿನಕಾಯಿ ಚೀಲ ಇರುತ್ತಿರಲಿಲ್ಲ ಎಂಬುದನ್ನು ನಾನು ನೋಡಿದ್ದೆ, ಗಮನಿಸಿರಲಿಲ್ಲ.

ಎರಡನೆಯ ವರ್ಷದ ಸುಗ್ಗಿಯಲ್ಲಿ ಒಂದು ರವಿವಾರ ಗುಡ್ಡ ಇಳಿದವನಿಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಬೆಳಗು ಅಷ್ಟು ಚೆನ್ನಾಗಿತ್ತು, ಕಾಲು ಅಷ್ಟು ಹಗುರಾಗಿದ್ದವು. ಮೋಟೆಬೆನ್ನೂರು ದಾಟಿ ದೇವರಗುಡ್ಡದ ಕಡೆಗೆ ಹೊರಟುಬಿಟ್ಟೆ. ಒಂಬತ್ತು ದಾಟಿದ್ದು ಗೊತ್ತಿತ್ತು. ಖಾಲಾ ಇದ್ದಾರಲ್ಲ ಎಂದುಕೊಂಡೆ. ದಾರಿಯಲ್ಲಿ ಸಿಕ್ಕ ಒಂದು ಇಳಿಜಾರನ್ನು ಹುಡುಗರ ಹಾಗೆ ಎರಡು ಸಲ ಹತ್ತಿ ಎರಡು ಸಲ ಇಳಿದೆ. ಓಣಿಗೆ ಬಂದಾಗ ಹನ್ನೊಂದು ದಾಟಿತ್ತು.

ಕಟ್ಟೆಯ ಸುತ್ತ ಹೆಂಗಸರು ನೆರೆದಿದ್ದರು. ನಡುವೆ ನನ್ನ ಮಗಳು ಕಿರುಚುತ್ತಿದ್ದಳು, ಕಣ್ಣೆರಡೂ ಬಾತುಕೊಂಡಿದ್ದವು. ಪಕ್ಕದಲ್ಲಿ ಬಾಯಿ ಬಿಚ್ಚಿದ ಮೆಣಸಿನಕಾಯಿ ಚೀಲ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆವತ್ತಿನದು ಆಂಧ್ರದ ಕಡೆಯ ಕಾಯಿ, ಬರೀ ಬೆಂಕಿ. ಗಾಳಿಗೆ ಕಣ್ಣಲ್ಲಿ ಕಸ ಬಿದ್ದು ಮಗಳು "ಖಾಲಾ" ಎಂದು ಅಳುತ್ತ ಓಡಿ ಬಂದಿದ್ದಾಳೆ, ಖಾಲಾ ಮೂವತ್ತು ವರ್ಷದ ಅಭ್ಯಾಸ ಮರೆತು ಅದೇ ಬೆರಳಿಂದ ಒರೆಸಿಬಿಟ್ಟಿದ್ದಾರೆ. ಈಗ ಯಾರೋ ನೀರು ಹನಿಸುತ್ತಿದ್ದರು. ಖಾಲಾ ಕೈ ಹಿಂದಕ್ಕೆ ಕಟ್ಟಿಕೊಂಡು, ಹತ್ತಿರ ಬರಲಾರದೆ, ದೂರ ಹೋಗಲಾರದೆ ಗೋಡೆಗೆ ಆತು ನಿಂತಿದ್ದರು.

"ಎಲ್ಲಿ ಹೋಗಿದ್ದಿ ತಮ್ಮಾ, ಇಷ್ಟೊತ್ತನಾ?" ಎಂದರು.

ಅವರು ಕೇಳಿದ್ದು ಅಷ್ಟೇ. ನನ್ನ ತಪ್ಪು ನನ್ನನ್ನು ಚುಚ್ಚಿತು, ನಾನು ಅವರನ್ನು ಚುಚ್ಚಿದೆ. "ಪಂಕ್ಚರ್ ಆಗಿತ್ತು, ಪಂಪ್ ಇರಲಿಲ್ಲ, ಅಷ್ಟು ದೂರಿಂದ ತಳ್ಕೋತ ಬಂದೀನಿ. ನಂದಿರ್ಲಿ. ಇಂಥಾ ಕೈಲೆ ಕೂಸಿನ ಕಣ್ಣ ಮುಟ್ಟತೀರೇನು? ಬುದ್ಧಿ ಐತೇನ್ ನಿಮಗ? ನಿಮ್ಮನ್ನ ನಂಬಿ ಬಿಟ್ಟ ಹೋದೆ ನೋಡ್ರಿ, ನಂದ ತಪ್ಪು!"

ಓಣಿಯೆಲ್ಲ ಕೇಳುವಂತೆ ಹೇಳಿದೆ. ಸೈಕಲ್ಲನ್ನು ಅಲ್ಲೇ ಕೆಡವಿ, ಮಗಳನ್ನು ಎತ್ತಿಕೊಂಡು ಡಾಕ್ಟರ ಬಳಿ ಓಡಿದೆ. ಅವರು ಕಣ್ಣು ತೊಳೆದು ಹನಿ ಹಾಕಿದರು. ಎರಡು ದಿನದಲ್ಲಿ ಎಲ್ಲ ಸರಿಹೋಯಿತು. ಮರಳಿ ಬಂದಾಗ ಸೈಕಲ್ಲು ನಮ್ಮ ಬಾಗಿಲ ಬಳಿ ಗೋಡೆಗೆ ಆನಿಸಿತ್ತು. ಖಾಲಾನ ಬಾಗಿಲು ಹಾಕಿತ್ತು.

ಆಮೇಲೆ ನಾಲ್ಕು ರವಿವಾರ ನಾನು ಮನೆಯಲ್ಲೇ ಇದ್ದೆ. ಎದುರಾದರೆ ಖಾಲಾ "ಅರಾಮ ಅದೀರೇನ್ರಿ ಸಾಹೇಬ್ರ?" ಎನ್ನುತ್ತಿದ್ದರು. ತಮ್ಮಾ ಹೋಗಿ ಸಾಹೇಬ್ರ ಆಗಿದ್ದೆ. ಇಡೀ ಬ್ಯಾಡಗಿಯಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುವವರು ಅವರೊಬ್ಬರಿದ್ದರು, ಈಗ ಅವರೂ ಇಲ್ಲವಾದರು. ನನಗೆ ಅದೆಷ್ಟು ಸಂಕಟವಾಯಿತೆಂದರೆ, ಕೋಲ್ಡ್ ಸ್ಟೋರೇಜಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಿಲ್ಲುತ್ತಿದ್ದೆ, ಕೆಲಸವಿಲ್ಲದಿದ್ದರೂ.

ನಾಲ್ಕನೆಯ ರವಿವಾರ ಮಗಳು ಕಿಟಕಿಯಿಂದ ಪಕ್ಕದ ಕಟ್ಟೆ ನೋಡುತ್ತ, "ಖಾಲಾ ಈಗ ರವಿವಾರನೂ ಮುಂಜಾನಿಂದನ ಮೆಣಸಿನಕಾಯಿ ಬಿಡಸ್ತಾಳ" ಎಂದಳು.

"ಮೊದಲ ಬಿಡಸ್ತಿದ್ದಿಲ್ಲೇನು?"

"ಇಲ್ಲಪಾ. ನಾ ಇದ್ದಾಗ ಮುಟ್ಟತಿದ್ದಿಲ್ಲ. ಶನಿವಾರ ರಾತ್ರಿನ ಕೈ ತೊಳಕೋತಿದ್ಲು. ನೀ ಬಂದ ಮ್ಯಾಲ ಚೀಲಾ ಬಿಚ್ಚತಿದ್ಲು. ಅವತ್ತ ನೀ ಬರಲೇ ಇಲ್ಲ. ಹತ್ತೂವರಿ ಮಟಾ ಕಾದು, ಸಂಜಿಗಿ ಮಾಲು ಕೊಡಬೇಕು ಅಂತ ಬಿಚ್ಚಿದ್ಲು."

ಸುಗ್ಗಿಯಲ್ಲಿ ಬೆಳಗಿನ ಎರಡೂವರೆ ತಾಸು ಎಂದರೆ ತೊಟ್ಟು ಬಿಡಿಸುವವರಿಗೆ ಏನು ಎಂಬುದು, ಅದೇ ಚೀಲಗಳ ನಡುವೆ ದುಡಿಯುವ ನನಗೆ ತಿಳಿಯಬೇಕಿತ್ತು. ಅವರು ಕೆಲಸ ನಿಲ್ಲಿಸಿ ನನ್ನನ್ನು ಗುಡ್ಡಕ್ಕೆ ಕಳಿಸುತ್ತಿದ್ದರು. ನಾನು ಅವರ ಕೈಯನ್ನೇ ಹಳಿದಿದ್ದೆ.

ಆಗಲೇ ಎದ್ದು ಹೋದೆ. ಎಲ್ಲ ಹೇಳಿಬಿಡಬೇಕು, ಪಂಕ್ಚರ್ ಆಗಿರಲಿಲ್ಲ, ಸುಳ್ಳು ಹೇಳಿದೆ ಎಂದು ಕಾಲಿಗೆ ಬೀಳಬೇಕು ಅಂತಲೇ ಹೋದೆ. ಬಾಗಿಲಲ್ಲಿ ನಿಂತು "ಖಾಲಾ" ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಒಳಗೆ ಹೋಗಿ ಒಂದು ಕಬ್ಬಿಣದ ಪಂಪು ತಂದು ಕೆಳಗಿಟ್ಟರು. ಕಾಲಲ್ಲಿ ಒತ್ತಿ ಹಿಡಿದು ಎರಡು ಕೈಯಿಂದ ಗಾಳಿ ಹೊಡೆಯುವ ಹಳೆಯ ಕಾಲದ ಪಂಪು.

"ನಮ್ಮನ್ಯಾವ್ರದು. ಬಾಡಿಗಿ ಸೈಕಲ್ ಅಂಗಡಿ ಇತ್ತು ಅವರದು, ಅವರ ಹೋದ ಮ್ಯಾಲ ಇದೊಂದ ಉಳದೈತಿ. ತಗೊಂಡ ಹೋಗು ತಮ್ಮಾ. ಇನ್ನ ಪಂಕ್ಚರ್ ಆದ್ರ ತಳ್ಕೋತ ಬರೂದು ಬ್ಯಾಡ."

ತಮ್ಮಾ ಎಂದರು. ಅದು ಮತ್ತೆ ಕೈ ತಪ್ಪೀತೆಂಬ ಹೆದರಿಕೆಗೆ ಪಂಕ್ಚರಿನ ನಿಜ ಹೇಳಲಿಲ್ಲ. ಪಂಪು ಎತ್ತಿಕೊಂಡು ಮನೆಗೆ ಬಂದೆ. ಅದರ ಬಾಯಿ ನನ್ನ ಸೈಕಲ್ಲಿನ ವಾಲ್ವಿಗೆ ಕೂರುತ್ತಲೇ ಇರಲಿಲ್ಲ. ಆದರೂ ಮುಂದಿನ ರವಿವಾರ ಅದನ್ನು ಹಿಂದೆ ಹಗ್ಗದಿಂದ ಬಿಗಿದು ಹೊರಟೆ. ಗುಡ್ಡ ಹತ್ತುವ ಸೈಕಲ್ಲಿಗೆ ಒಂದೊಂದು ಗ್ರಾಮು ಕಡಿಮೆ ಮಾಡಲು ಜನ ಒದ್ದಾಡುತ್ತಾರೆ. ನಾನು ಅಷ್ಟು ಭಾರದ ಕಬ್ಬಿಣವನ್ನು, ಒಂದು ಉಪಯೋಗವೂ ಇಲ್ಲದ್ದನ್ನು, ಕಲ್ಲುಹಾದಿಯಲ್ಲಿ ಏದುತ್ತ ಹೊತ್ತೆ. ಕುರಿ ಕಾಯುವವರು ನೋಡಿ ನಕ್ಕರು. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಓಣಿಯಲ್ಲಿದ್ದೆ.

"ಪಂಕ್ಚರ್ ಆಗಲಿಲ್ಲಲಾ?" ಎಂದು ಕೇಳಿದರು ಖಾಲಾ.

"ಇಲ್ಲರಿ ಖಾಲಾ" ಎಂದೆ.

ಹೀಗೆ ಐದು ವರ್ಷ. ಮಳೆಗಾಲದ ಕೆಲವು ವಾರ ಬಿಟ್ಟರೆ ಪ್ರತಿ ರವಿವಾರ ಅದೇ ಪ್ರಶ್ನೆ, ಅದೇ ಉತ್ತರ. ನಾನು ಮತ್ತೊಮ್ಮೆಯೂ ತಡಮಾಡಲಿಲ್ಲ. ಹೇಳದೆ ಉಳಿದ ಮಾತಿಗೆ ಅದೇ ಪ್ರಾಯಶ್ಚಿತ್ತ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೆ ಗುಡ್ಡದ ಬಂಡೆಯ ಮೇಲೆ ಕೂತಾಗ ಆ ಪಂಪು ನನ್ನನ್ನೇ ನೋಡುತ್ತಿರುವಂತೆ ಅನ್ನಿಸುತ್ತಿತ್ತು. ಅಲ್ಲಿ ಒಬ್ಬನೇ ಇರುವ ಸುಖವೂ ಹೋಯಿತು.

ಹೋದ ವರ್ಷ ಸಕ್ಕರೆ ಕಾಯಿಲೆ ಹೆಚ್ಚಾಗಿ ಅವರನ್ನು ಹಾವೇರಿಯ ಆಸ್ಪತ್ರೆಗೆ ಸೇರಿಸಿದರು. ಅಲ್ಲೇ ಮದುವೆಯಾಗಿರುವ ಅವರ ಮಗಳು ನೋಡಿಕೊಳ್ಳುತ್ತಿದ್ದರು. ಮೂರನೆಯ ದಿನ ನಾನು ಹೋದೆ. ಇವತ್ತು ಹೇಳಿಯೇ ತೀರಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಖಾಲಾ ನನ್ನ ಮಗಳ ಪರೀಕ್ಷೆ ಕೇಳಿದರು, ನನ್ನ ಊಟ ಕೇಳಿದರು. ಆಮೇಲೆ ಸಣ್ಣ ದನಿಯಲ್ಲಿ, "ಪಂಕ್ಚರ್ ಆಗಲಿಲ್ಲಲಾ?" ಎಂದರು. ಆವತ್ತು ಬುಧವಾರ. ನಾನು ಬಸ್ಸಿಗೆ ಬಂದಿದ್ದೆ. ಕಾಯಿಲೆಯ ಮಂಪರಿನಲ್ಲಿ ವಾರ ಮರೆತಿದ್ದಾರೆ ಎಂದುಕೊಂಡು, "ಇಲ್ಲರಿ ಖಾಲಾ, ಮಕ್ಕೋರ್ರಿ" ಎಂದೆ. ಮರುದಿನ ಸಂಜೆ ಸುದ್ದಿ ಬಂತು. ಬ್ಯಾಡಗಿಗೇ ತಂದರು. ಖಬರಸ್ತಾನದವರೆಗೆ ಗಂಡಸರ ಜೊತೆ ನಡೆದೆ, ಹೆಗಲು ಕೊಟ್ಟೆ, ಮೂರು ಹಿಡಿ ಮಣ್ಣು ಹಾಕಿದೆ. ಅಲ್ಲಿಂದ ಮನೆಗೆ ಯಾರ ಜೊತೆಗೂ ಬರಲಾಗಲಿಲ್ಲ, ಒಬ್ಬನೇ ನಡೆದು ಬಂದೆ.

ಎರಡು ತಿಂಗಳ ನಂತರ ಒಂದು ರವಿವಾರ ನಾನು ಪಂಪಿಗೆ ಹಗ್ಗ ಬಿಗಿಯುತ್ತಿದ್ದೆ. ಹದಿಮೂರು ತುಂಬಿದ ಮಗಳು ಕಣ್ಣುಜ್ಜುತ್ತ ಬಂದು, "ಅಪ್ಪಾ, ಅದು ನಿನ್ನ ಗಾಲಿಗಿ ಕೂಡೂದ ಇಲ್ಲಲಾ, ಯಾಕ ಹೊರತಿ?" ಎಂದಳು. ಆವತ್ತು ಹೇಳಿಬಿಟ್ಟೆ. ಪಂಕ್ಚರ್ ಆಗಿರಲಿಲ್ಲ, ಖುಷಿಗೆ ತಿರುಗುತ್ತಿದ್ದೆ, ಖಾಲಾಗೆ ಸುಳ್ಳು ಹೇಳಿದೆ. ಅವಳಿಗೆ ಸಿಟ್ಟು ಬಂದೀತು ಎಂದುಕೊಂಡಿದ್ದೆ. ಬರಲಿಲ್ಲ.

"ಖಾಲಾಗ ಗೊತ್ತಿತ್ತಪಾ" ಎಂದಳು. "ನಾವು ಡಾಕ್ಟರ ಹಂತ್ಯಾಕ ಹೋದಾಗ ನಿನ್ನ ಸೈಕಲ್ ಎತ್ತಿ ಇಟ್ಟಾಕಿ ಆಕಿನ. ಎರಡೂ ಗಾಲಿ ಒತ್ತಿ ನೋಡಿದ್ಲಂತ. ಕಲ್ಲಿನಂಗ ಗಟ್ಟಿ ಇದ್ದೂವಂತ. ನನಗ ಆಮ್ಯಾಲ ಹೇಳಿದ್ಲು. ನಿಮ್ಮಪ್ಪಗ ಕೇಳಬ್ಯಾಡ ಬೇಟಾ, ಅಂವಗ ನಾಚಿಕಿ ಆಗ್ತೈತಿ, ತಾನ ಒಂದ್ ದಿನಾ ಹೇಳ್ತಾನ, ಅಂದಿದ್ಲು."

ನಾನು ಹಗ್ಗ ಬಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಐದು ವರ್ಷ ಪ್ರತಿ ರವಿವಾರ ಅವರು ಕೇಳುತ್ತಿದ್ದರು. ಆಸ್ಪತ್ರೆಯಲ್ಲಿ, ಬುಧವಾರ, ಕೊನೆಯ ಸಲವೂ ಕೇಳಿದರು. ಅವರು ವಾರ ಮರೆತಿರಲಿಲ್ಲ. ನಾನು ಮಲಗಿಕೊಳ್ಳಿ ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದಿದ್ದೆ.