ನೋವಿಲ್ಲದ ಗಂಟು

ಹೋದ ಮಂಗಳವಾರ ಮೈಸೂರಿನ ಡಾಕ್ಟರು ನನ್ನ ರಿಪೋರ್ಟ್ ನೋಡಿ ನಕ್ಕರು. "ಇನ್ನು ವರ್ಷಕ್ಕೊಂದು ಸಲ ಬಂದರೆ ಸಾಕು" ಅಂದರು. ಹೊರಗೆ ಬಂದವಳೇ ಮೊಬೈಲ್ ತೆಗೆದು ಕೇತಮ್ಮನ ನಂಬರ್ ಒತ್ತಿದೆ. ತಕ್ಷಣ ಕಟ್ ಮಾಡಿದೆ.

ಕೇತಮ್ಮ ತೀರಿಕೊಂಡು ಏಳು ತಿಂಗಳಾಯಿತು. (ನಂಬರ್ ಮಾತ್ರ ಡಿಲೀಟ್ ಮಾಡಲು ಕೈ ಬಂದಿಲ್ಲ.)

ಪುಣಜನೂರು ಕಡೆ ಕಾಡಿನೊಳಗಿರುವ ಸೋಲಿಗರ ಪುಟ್ಟ ಊರು, ಪೋಡಿನವಳು ಅವಳು. ಅಲ್ಲಿಯ ಶಾಲೆಯಲ್ಲಿ ನಾನು ಟೀಚರಾಗಿದ್ದಷ್ಟು ವರ್ಷವೂ ಬಿಸಿಯೂಟ ಮಾಡಿ ಬಡಿಸಿದವಳು. ಮಕ್ಕಳ ಊಟ ಮುಗಿದ ಮೇಲೆ ಅಡುಗೆಕೋಣೆಯ ಹಿಂದೆ ಕೂತು ನಾವಿಬ್ಬರೂ ಉಣ್ಣುತ್ತಿದ್ದೆವು. ನನಗಿಷ್ಟ ಅಂತ ತಳ ಹಿಡಿದ ಅನ್ನವನ್ನು ಕೆರೆದು ಎತ್ತಿಡುತ್ತಿದ್ದಳು. ಆಮೇಲೆ ನನಗೆ ಚಾಮರಾಜನಗರಕ್ಕೆ ವರ್ಗವಾಯಿತು. ಅಂಥ ಊಟ ಮತ್ತೆ ಸಿಕ್ಕಿಲ್ಲ.

ಎರಡು ವರ್ಷದ ಹಿಂದೆ ಸ್ನಾನ ಮಾಡುವಾಗ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಮರುದಿನ ಸ್ಕ್ಯಾನ್. ಎರಡು ವಾರದೊಳಗೆ ಆಪರೇಷನ್. ಗಂಡ ರಜೆ ಹಾಕಿದರು, ತಂಗಿ ಬಂದು ಅಡುಗೆ ನೋಡಿಕೊಂಡಳು. ನಾನು ಮಾಡಿದ್ದೇನು? ಮಲಗಿದ್ದೆ, ಅಷ್ಟೆ.

ನೋಡಲು ಬಂದ ಕೇತಮ್ಮ, ಎಲ್ಲರೂ ಆಚೆ ಹೋಗುವವರೆಗೂ ಕಾದಳು.

"ನೋಯ್ತಿತ್ತಾ ಮೇಡಮ್ಮೋರೆ?"

"ಇಲ್ಲ ಕೇತಮ್ಮ."

"ನಂಗೂ ಒಂದು ಗಂಟದೆ. ನೋವಿಲ್ವಲ್ಲ ಅಂತ ಸುಮ್ನಾಗ್ಬುಟ್ಟೆ. ಅಲ್ಲಿರದು ಗಂಡಸ್ ಡಾಕ್ಟ್ರು. ಎಂಗ್ ತೋರ್ಸದು?"

ಗಾಬರಿಯಾಯಿತು. ಆಸ್ಪತ್ರೆಯ ಹೆಸರು ಚೀಟಿಯಲ್ಲಿ ಬರೆದುಕೊಟ್ಟೆ. ನಾಳೆಯೇ ಹೋಗು ಅಂದೆ. ಚೀಟಿ ಕೊಟ್ಟರೆ ಆಯಿತೇ? ನನ್ನನ್ನು ಯಾರಾದರೂ ಚೀಟಿ ಕೊಟ್ಟು ಕಳಿಸಿದ್ದರೇ?

ಅವಳು ಒಂದು ದಿನ ಆಸ್ಪತ್ರೆಗೆ ಹೋದರೆ ರೇಷನ್ ಕಾರ್ಡ್ ತಾ ಅಂದರು. ಇನ್ನೊಂದು ದಿನ ಸ್ಕ್ಯಾನ್ ಮೆಷಿನ್ ಕೆಟ್ಟಿದೆ ಅಂದರು. ಪ್ರತಿ ಸಲವೂ ಶಾಲೆಯಲ್ಲಿ ಅವಳ ಬದಲಿಗೆ ಯಾರಾದರೂ ಒಲೆ ಹಚ್ಚಬೇಕು. ಫೋನ್ ಮಾಡಿದಾಗೆಲ್ಲ "ಓಯ್ತಿನಿ ಬುಡಿ ಮೇಡಮ್ಮೋರೆ" ಅನ್ನುತ್ತಿದ್ದಳು. ಕೊನೆಗೆ ನಾನೇ ಮೈಸೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಡಾಕ್ಟರು ಅವಳ ತಲೆಯ ಮೇಲಿಂದ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು.

"ಏನಂದ್ರು?" ಅಂತ ಕೇಳಿದಳು.

"ಔಷಧಿ ಕೊಡ್ತಾರಂತೆ" ಅಂದೆ. ಉಳಿದದ್ದನ್ನು ನುಂಗಿಕೊಂಡೆ.

ವಾರ್ಡಿನಲ್ಲಿ ಮಧ್ಯಾಹ್ನವಾದರೆ ಸಾಕು, ಎದ್ದು ಕೂರುತ್ತಿದ್ದಳು. "ಬೆಲ್ ಹೊಡ್ದಿರ್ತರೆ. ಮಕ್ಳು ಉಂಡ್ವೋ ಇಲ್ವೋ..." ಮೂರನೇ ಸಲದ ಔಷಧಿಯಾದ ಮೇಲೆ ಇನ್ನು ಸಾಕು ಅಂತ ಪೋಡಿಗೆ ಹೋದಳು. ಮತ್ತೆ ಬರಲಿಲ್ಲ.

ಚಿಕಿತ್ಸೆ ಪುಕ್ಕಟೆ, ನಿಜ. ಅಲ್ಲಿಯವರೆಗಿನ ದಾರಿ? ಗಂಟಿಗೆ ನಮ್ಮಿಬ್ಬರ ನಡುವೆ ವ್ಯತ್ಯಾಸ ಗೊತ್ತಿರಲಿಲ್ಲ. ಉಳಿದೆಲ್ಲದಕ್ಕೂ ಗೊತ್ತಿತ್ತು.

ಮೊನ್ನೆ ಶನಿವಾರ, ಗುಂಡ್ಲುಪೇಟೆಯಲ್ಲಿ ಡಾಕ್ಟರಾಗಿರುವ ತಂಗಿಯ ಮಗಳನ್ನು ಅದೇ ಶಾಲೆಗೆ ಕರೆದುಕೊಂಡು ಹೋದೆ. ಪೋಡಿನ ಹೆಂಗಸರು ತಪಾಸಣೆಗೆ ನಾಚುತ್ತಲೇ ಬಂದರು. ಇಬ್ಬರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು ಅಂದಳು ಅವಳು. ಈ ಸಲ ಚೀಟಿ ಕೊಡಲಿಲ್ಲ, ಜೊತೆಗೆ ಬರುತ್ತೇನೆ ಅಂದೆ.

ಎಲ್ಲರಿಗಿಂತ ಮೊದಲು ತೋರಿಸಿಕೊಂಡವಳು ಕೇತಮ್ಮನ ಮಗಳು ರತ್ನ. ಏನೂ ಇಲ್ಲ ಅಂತ ಗೊತ್ತಾದ ಮೇಲೂ ಅವಳು ಬಾಗಿಲಲ್ಲೇ ನಿಂತಿದ್ದಳು.

"ಈ ಡಾಕ್ಟ್ರಮ್ಮ ಎಷ್ಟ್ ದೂರದಿಂದ ಬಂದ್ರು ಮೇಡಮ್ಮೋರೆ?"

"ಕಾರಲ್ಲಿ ಒಂದೂವರೆ ಗಂಟೆ."

"ಅಷ್ಟೇಯಾ? ಮತ್ತೆ ನಮ್ಮವ್ವ ಇದ್ದಾಗ ಯಾಕ್ ಬರ್ನಿಲ್ಲ?"