ಬಟ್ಟೆ ಕಾಯುವವನ ಮುಖ

ಬಣ್ಣದಕ್ಕನಿಗೆ ಕುಂಚ ಹಿಡಿಯುವುದನ್ನು ಕಲಿಸಿದವನು ಅವಳ ಗಂಡ. ಇಬ್ಬರೂ ಸೇರಿ ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವರು. ಗಂಡ ಕಣ್ಣು ಮುಚ್ಚಿ ತಿಂಗಳಾಗಿರಲಿಲ್ಲ, ಗಂಡನ ಅಣ್ಣ, ಅವಳ ಭಾವನ ಇಬ್ಬರು ಮಕ್ಕಳು ಬಂದು ಅವಳ ಡಬ್ಬಿ, ಏಣಿ, ಅರೆಬರೆ ಬರೆದ ಬೋರ್ಡುಗಳನ್ನೆಲ್ಲ ಬೀದಿಗೆ ಎಸೆದರು. ಭಾವ ಬೆರಳೂ ಎತ್ತಲಿಲ್ಲ. ಬಣ್ಣ ಹತ್ತೀತೆಂದು ಮಕ್ಕಳು ಬಿಚ್ಚಿಕೊಟ್ಟ ಅಂಗಿಗಳನ್ನು ತೋಳ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ, ಅಷ್ಟೇ. ಹನ್ನೊಂದು ವರ್ಷವಾದರೂ ಆ ನಿಲುವು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಇಗರ್ಜಿಯ ಗೋಡೆಗೆ ಚಿತ್ರ ಬರೆಯಲು ಕರೆ ಬಂದಾಗ ಪಾದ್ರಿ ಕಥೆ ಹೇಳಿದರು. ಸ್ತೆಫನನೆಂಬ ಸಾಧುವನ್ನು ಊರಾಚೆ ಎಳೆದೊಯ್ದು ಕಲ್ಲು ಹೊಡೆದು ಕೊಂದರಂತೆ. ಹೊಡೆಯುವವರು ತಮ್ಮ ಮೇಲಂಗಿಗಳನ್ನು ಸೌಲನೆಂಬ ತರುಣನ ಕಾಲ ಬಳಿ ಬಿಚ್ಚಿಟ್ಟರಂತೆ. ಅವನು ಕಾಯುತ್ತ ನಿಂತನಂತೆ. ಅಷ್ಟರಲ್ಲಿ ಯಾರೋ ಪಾದ್ರಿಯನ್ನು ಕರೆದರು. ಇವಳಿಗೂ ಅಷ್ಟೇ ಬೇಕಾಗಿತ್ತು.

ಭಾವನ ಮುಖವನ್ನೇ ಮೂವತ್ತು ವರ್ಷ ಎಳೆಯದು ಮಾಡಿ ಬಟ್ಟೆ ಕಾಯುವವನಿಗೆ ಹಚ್ಚಿದಳು. ಜೋತುಬಿದ್ದ ಎಡರೆಪ್ಪೆ, ಕಿವಿಯ ಕೆಳಗಿನ ಮಚ್ಚೆ, ಒಂದೂ ಬಿಡಲಿಲ್ಲ. ನೂರು ವರ್ಷ ಜನ ಛೀ ಅನ್ನಲಿ ಎಂದು ಕೊನೆಗೆ ಎಣ್ಣೆಯ ಮೆರುಗನ್ನೂ ಎಳೆದಳು.

ಪಾದ್ರಿ ನೋಡಿ ಹಿಗ್ಗಿದರು. "ಮುಂದೆ ಇವನೇ ಅಲ್ವೇನಮ್ಮಾ ಸಂತ ಪೌಲ ಆಗಿದ್ದು. ಎರಡು ಸಾವಿರ ವರ್ಷ ಆಗ್ತಾ ಬಂತು, ಇವನು ಬರೆದ ಕಾಗದಗಳನ್ನ ಇವತ್ತಿಗೂ ಓದ್ತೀವಿ. ಮಕ್ಕಳಿಗೆ ಇವನ ಹೆಸರಿಡ್ತಾರೆ."

"ಬಟ್ಟೆ ಕಾದೋನಿಗಾ ಫಾದರ್?"

"ಮನಸ್ಸು ತಿರುಗ್ತಮ್ಮಾ."

"ತಿರುಗದೇ ಇರೋನ ಮುಖ ಹಾಕ್ಬಿಟ್ನಲ್ಲ ನಾನು," ಎಂದು ಅವಳು ಗೊಣಗಿದಳು. ಅಳಿಸುತ್ತೇನೆಂದರೆ ಪಾದ್ರಿ ಒಪ್ಪಲಿಲ್ಲ.

ಸುದ್ದಿ ಭಾವನಿಗೂ ಮುಟ್ಟಿತು. ಇಸ್ತ್ರಿ ಅಂಗಿ ತೊಟ್ಟು, ಹೆಂಡತಿ ಸೊಸೆಯರನ್ನು ಕಟ್ಟಿಕೊಂಡು ಬಂದ. "ಹಳೇದೆಲ್ಲ ಮರೆತು ನನ್ನ ಸಂತನ್ನ ಮಾಡಿದೀಯಲ್ಲಮ್ಮ. ದೊಡ್ಡ ಮನಸ್ಸು ನಿಂದು," ಎಂದು ಅವಳ ತಲೆ ಸವರಿದ. ಬಣ್ಣದಕ್ಕನ ಮೈಯೆಲ್ಲ ಉರಿಯಿತು.

ಅವನು ಹೋದ ಮೇಲೆ ಪಾದ್ರಿಯ ಬಳಿ ಹೋದಳು. "ಫಾದರ್, ಕೊನೆಗೆ ಈ ಪೌಲನಿಗೇನಾಯ್ತು?"

"ಪಡಬಾರದ ಪಾಡು ಪಟ್ಟ. ಮೂರು ದಿನ ಕಣ್ಣೇ ಕಾಣಲಿಲ್ಲ. ಐದು ಸಲ ಚಾವಟಿ ಏಟು ತಿಂದ, ಕಲ್ಲೇಟು ತಿಂದ, ಹಡಗು ಒಡೀತು. ಕೊನೆಗೆ ಕತ್ತು ಕಡಿದರು ಅಂತಾರೆ."

ಅವಳ ಮುಖ ಅರಳಿತು. "ಎದುರುಗಡೆ ಗೋಡೆ ಖಾಲಿ ಇದೆಯಲ್ಲ ಫಾದರ್. ಇಂಥ ದೊಡ್ಡೋರ ಬಾಳು ಜನಕ್ಕೆ ಪೂರ್ತಿ ಗೊತ್ತಾಗ್ಬೇಕು."

ಮುಂದಿನ ಭಾನುವಾರ ಭಾವ ಬೀಗರನ್ನೆಲ್ಲ ಕರೆತಂದಾಗ ಎದುರು ಗೋಡೆಯಲ್ಲಿ ಅದೇ ಜೋತ ರೆಪ್ಪೆಯವನು ಬೆನ್ನ ತುಂಬ ಬಾಸುಂಡೆ ಹೊತ್ತು, ಕೈಕಟ್ಟಿಸಿಕೊಂಡು ಮಂಡಿಯೂರಿದ್ದ. ಮೇಲೆ ಎತ್ತಿದ ಕತ್ತಿ. ಬೀಗಿತ್ತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಅಳಿಸಮ್ಮ ಇದನ್ನ. ನಿನ್ನ ಕಾಲಿಗೆ ಬೀಳ್ತೀನಿ," ಎಂದ ಭಾವ, ದನಿ ತಗ್ಗಿಸಿ.

"ಅಯ್ಯೋ, ದೊಡ್ಡೋರು ನೀವು, ಹಾಗೆಲ್ಲ ಅನ್ಬಾರ್ದು," ಎಂದು ಬಣ್ಣದಕ್ಕ ಏಣಿ ಹತ್ತಿ, ಸಣ್ಣ ಕುಂಚವನ್ನು ಕೆಂಪಿನಲ್ಲಿ ಅದ್ದಿದಳು. "ಸ್ವಲ್ಪ ಆ ಕಡೆ ತಿರುಗಿ ಭಾವ, ಕತ್ತು ಸರಿಯಾಗಿ ಕಾಣ್ತಾ ಇಲ್ಲ."