ಎಡ ಬ್ರೇಕು, ಬಲ ಬ್ರೇಕು

ಗಡಿಯಾಚೆ ಮರಾಠಿ ಸೀಮೆಯ ನಿಲಂಗಾ ಕಡೆ ನಮ್ಮ ಹೊಲಗಳು ಗುಡ್ಡದ ಮೇಲಿವೆ. ಅಲ್ಲಿಂದ ಊರಿಗೆ ಬರುವ ದಾರಿ ಕಡಿದಾದ ಇಳಿಜಾರು. ಆ ದಾರಿಯ ಸಲುವಾಗಿಯೇ ನನಗೂ ನನ್ನ ಗಂಡನ ಅಣ್ಣನಿಗೂ ಮಾತು ನಿಂತಿತು. ನಿಜ ಹೇಳಬೇಕೆಂದರೆ ನಾನು ಮದುವೆಯಾಗಿ ಬಂದಾಗಿನಿಂದ ಅವರಿಗೆ ನನ್ನನ್ನು ಕಂಡರಾಗುತ್ತಿರಲಿಲ್ಲ.

ಬಸವಕಲ್ಯಾಣದಲ್ಲಿ ನನ್ನಪ್ಪ ಟ್ರ್ಯಾಕ್ಟರ್ ರಿಪೇರಿಯ ಮಿಸ್ತ್ರಿ. ಅವನ ಪಕ್ಕದಲ್ಲಿ ಕೂತು ಗ್ರೀಸು ಮೆತ್ತಿಕೊಂಡೇ ಬೆಳೆದವಳು ನಾನು. ಗಂಡನ ಮನೆಯ ಸಣ್ಣ ಟ್ರ್ಯಾಕ್ಟರಿಗೆ ಹಿಂದಿನ ಎಡ ಗಾಲಿಗೊಂದು, ಬಲ ಗಾಲಿಗೊಂದು ಬ್ರೇಕ್ ಪೆಡಲ್. ಹೊಲದ ಕೊನೆಯಲ್ಲಿ ತಿರುಗಿಸುವಾಗ ಒಂದನ್ನೇ ಒತ್ತುತ್ತಾರೆ. ದಾರಿಗೆ ಬಂದಾಗ ಕೊಂಡಿ ಹಾಕಿ ಎರಡನ್ನೂ ಜೋಡಿಸಬೇಕು. ಭಾವ ಒಂದು ದಿನವೂ ಜೋಡಿಸಿದವರಲ್ಲ.

"ಭಾವ, ಕೊಂಡಿ ಹಾಕ್ರಿ. ಇಳಿಯೂ ಮುಂದ ಒಂದೇ ಬ್ರೇಕ್ ಹತ್ತಿದ್ರ ಗಾಡಿ ಅಡ್ಡ ತಿರಗ್ತದ," ಎಂದೆ.

ಸಿಟ್ಟು ಬಂದರೆ ಅವರ ಬಾಯಲ್ಲಿ ಮರಾಠಿ ಬರುತ್ತಿತ್ತು. "ಗಪ್ ಬಸ್, ಸುಮ್ಮ ಕೂಡು. ಇದು ನಿಮ್ಮಪ್ಪನ ಗ್ಯಾರೇಜ್ ಅಲ್ಲ."

ಸೋಯಾಬೀನ್ ಚೀಲ ಹೇರಿಕೊಂಡು ಇಳಿಯುತ್ತಿದ್ದ ಮಧ್ಯಾಹ್ನ ಅದೇ ಆಯಿತು. ನಾನು ಟ್ರಾಲಿಯ ಚೀಲಗಳ ಮೇಲಿದ್ದೆ. ಎಡಗಾಲಿ ಹಿಡಿಯಿತು, ಬಲಗಾಲಿ ಓಡಿತು. ಗಾಡಿ ಅಡ್ಡ ತಿರುಗಿ ಒಡ್ಡಿಗೆ ಗುದ್ದಿತು. ನಾನು ಕೆಳಗೆ ಹಾರಿ ಉಳಿದುಕೊಂಡೆ. ಭಾವ ಕಲ್ಲಿನ ಮೇಲೆ ಬಿದ್ದು ಮುಂಗೈ ಮುರಿದುಕೊಂಡರು. ನೋಡಲು ಬಂದವರಿಗೆಲ್ಲ ಅವರು ಹೇಳಿದ್ದು ಒಂದೇ ಮಾತು: "ಆಕಿ ಅಪಶಕುನ ನುಡದಾಳ, ಅದಕ್ಕೇ ಹಿಂಗ ಆಯ್ತು."

ನನಗೆ ಮರುಕ ಬರಲಿಲ್ಲ. ಅವರ ಕೈಯ ಪ್ಲಾಸ್ಟರ್ ಒಣಗುವಷ್ಟರಲ್ಲಿ ಟ್ರ್ಯಾಕ್ಟರನ್ನು ಲಾರಿಯಲ್ಲಿ ಹೇರಿಸಿ ಉದಗೀರಕ್ಕೆ ಒಯ್ದೆ. ಅಲ್ಲಿನ ಮಿಸ್ತ್ರಿ ನನ್ನ ಕಡೆ ನೋಡಲೇ ಇಲ್ಲ.

"ಮನಿ ಗಂಡಸರನ್ನ ಕಳಸ್ರಿ. ಅವರ ಜೋಡಿ ಮಾತಾಡ್ತೀನಿ."

"ಗಂಡಸರು ಕೈ ಮುರ್ಕೊಂಡು ಮಲಗ್ಯಾರ. ಪಾನಾ ಕೊಡ್ರಿ," ಎಂದು ಸ್ಪ್ಯಾನರ್ ತೆಗೆದುಕೊಂಡು ಬಲಗಾಲಿಯ ಬ್ರೇಕನ್ನು ನಾನೇ ಬಿಚ್ಚಿದೆ. ಎಣ್ಣೆ ತಡೆಯುವ ಸೀಲು ಸೋರಿ, ಗಾಲಿಯನ್ನು ಹಿಡಿಯಬೇಕಾದ ಲೈನರೆಲ್ಲ ಎಣ್ಣೆಯಲ್ಲಿ ತೊಯ್ದಿತ್ತು. ಅವನು ಗೊಣಗುತ್ತಲೇ ಹೊಸದು ಹಾಕಿದ. ಎರಡೂ ಪೆಡಲ್ ಒಂದೇ ಅಳತೆಗೆ ಇಳಿಯುವಂತೆ ಮಾಡಿಸಿದೆ. ಗಾಡಿ ಉರುಳದಿರಲೆಂದು ಹಿಂದಿನ ಗಾಲಿಗಳನ್ನು ತಿರುವಿ ಹಾಕಿಸಿ ಅವುಗಳ ನಡುವಿನ ಅಂತರ ಹೆಚ್ಚಿಸಿದೆ, ಮುಂದೆ ಕಬ್ಬಿಣದ ಭಾರ ಕಟ್ಟಿಸಿದೆ. ಗ್ಯಾರೇಜಿನ ಅಂಗಳದಲ್ಲಿ ಓಡಿಸಿ ತಟ್ಟನೆ ಬ್ರೇಕ್ ಒತ್ತಿದೆ. ಮಣ್ಣಿನಲ್ಲಿ ಎರಡು ಗೆರೆ, ಎರಡೂ ಸಮ. ಮಿಸ್ತ್ರಿ ಚಹಾ ಕುಡಿಯಲು ಹೋದ.

ಕೈ ವಾಸಿಯಾದ ಮೇಲೆ, ನಾನು ಕೊಂಡಿ ಹಾಕಿಟ್ಟಿದ್ದ ಗಾಡಿಯನ್ನು ಭಾವ ಹತ್ತಿದರು. ಇಳಿಜಾರಿನ ನಡುವೆ ಬ್ರೇಕ್ ಒತ್ತಿದಾಗ ಗಾಡಿ ನೆಟ್ಟಗೆ ನಿಂತಿತು.

"ಕೆಡಿಸಿ ಇಟ್ಟೀ. ತಿರಗಂಗೇ ಇಲ್ಲ ಇದು," ಎಂದರು.

ಮೂರನೆಯ ದಿನ ನೋಡಿದರೆ ಕೊಂಡಿ ಮತ್ತೆ ಬಿಚ್ಚಿತ್ತು. ಅವರು ಊಟಕ್ಕೆ ಕೂತಿದ್ದಾಗ ಅಂಗಿಯ ಜೇಬಿನಿಂದ ಚಾವಿ ತೆಗೆದೆ.

"ಚಾವಿ ಇಡು."

"ಇಡಂಗಿಲ್ರಿ. ನಿಮಗ ಸಾಯೋದಿದ್ರ ಬ್ಯಾರೆ ದಾರಿ ನೋಡ್ರಿ. ಹೊಲಕ್ಕ ನಡಕೋತ ಹೋಗ್ರಿ."

ಉಮರ್ಗಾದಲ್ಲಿ ಕೆಲಸ ಮಾಡುವ ನನ್ನ ಗಂಡ ಭಾನುವಾರ ಬಂದು ಎರಡೂ ಕಡೆ ಕೇಳಿ, ಯಾರ ಪರವೂ ವಹಿಸದೆ ಬಸ್ಸು ಹತ್ತಿದ. ಅದಕ್ಕೆ ಅವನ ಮೇಲೂ ನನಗೆ ಕೋಪವಿದೆ.

ಈಗ ಗಾಡಿ ಓಡಿಸುವವಳು ನಾನು. ಮೊದಲ ಗೇರಿನಲ್ಲಿ, ಕ್ಲಚ್ ಮುಟ್ಟದೆ, ನಿಧಾನಕ್ಕೆ ಇಳಿಸುತ್ತೇನೆ. ಭಾವ ಬುತ್ತಿ ಹಿಡಿದು ಅದೇ ದಾರಿಯಲ್ಲಿ ನಡೆಯುತ್ತಾರೆ. ನಾನು ಹತ್ತಿಕೊಳ್ಳಿರೆಂದು ಕರೆಯುವುದಿಲ್ಲ, ಅವರೂ ಕೈ ಮಾಡುವುದಿಲ್ಲ.